ಇನ್ನೂ ಆಳಕ್ಕೆ ಕೊರೆಸಲಾ?

ಪ್ರಶ್ನೆ: ನಮ್ಮದು ಕೋಲಾರದ ಹತ್ತಿರ ಮೂರು ಎಕರೆ, ಟೊಮೆಟೊ ಇದೆ. ಎರಡು ಬೋರ್ ಬತ್ತಿವೆ, ಇನ್ನೊಂದರಲ್ಲಿ ಒಂದಿಂಚು ನೀರು ಬರ್ತಿದೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ಮಾಡಿದವರು 1,400 ಅಡಿಗೆ ನೀರಿದೆ ಅಂದಿದ್ದಾರೆ. ಕೊರೆಸಲಾ ಸರ್?

ಉತ್ತರ: ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಸಂಕಟವಾಗುತ್ತದೆ, ಯಾಕೆಂದರೆ ಎಷ್ಟೋ ಜನ ಕೇಳುವ ಹೊತ್ತಿಗೆ ಒಡವೆ ಅಡ ಇಟ್ಟಾಗಿರುತ್ತದೆ.

ನಿಮ್ಮ ಹೊಲದ ಕೆಳಗೆ ಹೊಳೆ ಹರಿಯುತ್ತಿಲ್ಲ. ಇರುವುದು ಗಟ್ಟಿ ಬಂಡೆ. ಅದರ ಮೇಲೆ ಪುಡಿಗಲ್ಲು, ಮಣ್ಣಿನ ಪದರ ಇದೆಯಲ್ಲ, ಮಳೆನೀರನ್ನು ಹಿಡಿದಿಡುತ್ತಿದ್ದದ್ದು ಅದು; ನಿಮ್ಮ ತಾತನ ಕಾಲದ ತೆರೆದ ಬಾವಿಗೆ ಬರುತ್ತಿದ್ದದ್ದೂ ಅದೇ ನೀರು. ಅದನ್ನು ಎತ್ತಿ ಮುಗಿಸಿದೆವು. ಕೆಳಗೆ ನೀರಿದ್ದರೆ ಬಂಡೆಯ ಬಿರುಕುಗಳಲ್ಲಿ ಮಾತ್ರ, ಆಳಕ್ಕೆ ಹೋದಷ್ಟೂ ಬಿರುಕುಗಳು ಕಡಿಮೆ. 1,400 ಅಡಿಗೆ ಅಪ್ಪಿತಪ್ಪಿ ಎರಡಿಂಚು ಸಿಕ್ಕಿದರೂ ಅದು ಬಹಳ ಕಾಲದಿಂದ ನಿಂತ ನೀರು. ನೀವು ಎತ್ತುವ ವೇಗಕ್ಕೆ ಮಳೆನೀರು ಅಲ್ಲಿಗೆ ಇಳಿಯುವುದಿಲ್ಲ. ಫ್ಲೋರೈಡ್ ಬೇರೆ ಇರಬಹುದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳಿಗೆ ಕುಡಿಸಬೇಡಿ.

ತೆಂಗಿನಕಾಯಿ ಎದ್ದು ನಿಲ್ಲುವುದು ಕೈಯ ಅಲುಗಾಟಕ್ಕೆ, ನೀರಿಗಲ್ಲ. ಪಾಯಿಂಟ್ ಮಾಡಿದವರು ದುಡ್ಡು ತಗೊಂಡು ಹೋಗುತ್ತಾರೆ, ಸಾಲ ನಿಮ್ಮ ತಲೆ ಮೇಲೆ ಕೂರುತ್ತದೆ.

ನನಗೆ ಇದಕ್ಕಿಂತ ದೊಡ್ಡ ಭಯ ಊಟದ್ದು. ದೇಶದ ನೀರಾವರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಅಂತರ್ಜಲವನ್ನೇ ನಂಬಿದೆ. ರೇಷನ್ ಅಕ್ಕಿ, ಗೋಧಿಗೆ ದೊಡ್ಡ ಪಾಲು ಕೊಡುವ ಪಂಜಾಬಿನಲ್ಲಿ ಎತ್ತಬಹುದಾದ್ದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಎತ್ತುತ್ತಿದ್ದಾರೆ. ಅಲ್ಲೂ ಇಲ್ಲೂ ಬೋರ್ ಒಟ್ಟಿಗೆ ಕೈಕೊಟ್ಟರೆ ಅಕ್ಕಿ ಎಲ್ಲಿಂದ ತರುತ್ತೀರಿ?

ಆ ದುಡ್ಡಲ್ಲಿ ಕೃಷಿ ಹೊಂಡ ತೆಗೆಸಿ. ಇರುವ ಒಂದಿಂಚಿಗೆ ಡ್ರಿಪ್ ಹಾಕಿ, ಟೊಮೆಟೊವನ್ನು ಅರ್ಧ ಎಕರೆಗೆ ಇಳಿಸಿ. ಉಳಿದದ್ದಕ್ಕೆ ರಾಗಿ, ಅವರೆ. ಲಾಭ ಕಡಿಮೆ, ಗೊತ್ತು. ಆದರೂ ನಾನು ಹೇಳುವುದು ಇದನ್ನೇ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಭೂಮಿಯೊಳಗಿನ ನೀರು ಕಾಣುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೆ ಬಂದಿದೆ, ಕುಡಿಯಬಹುದಾ?

ಉತ್ತರ: ಬೇಡ. ಅದು ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಇಂಗಿಸಲು ಬಿಟ್ಟದ್ದು, ಕುಡಿಯಲು ಅಲ್ಲ.

ಪ್ರಶ್ನೆ: ಹೊಲದಲ್ಲಿ ಹರಿಯುವ ಮಳೆನೀರನ್ನು ಬತ್ತಿದ ಬೋರ್‌ಗೆ ನೇರ ಬಿಡಬಹುದಾ?

ಉತ್ತರ: ದಯವಿಟ್ಟು ಬಿಡಬೇಡಿ. ಗೊಬ್ಬರ, ಔಷಧಿ ತೊಳೆದ ನೀರು ಅದು, ಊರಿನ ಕುಡಿಯುವ ಬೋರ್‌ಗೂ ಸೇರಬಹುದು. ಸುತ್ತ ಗುಂಡಿ ತೆಗೆದು ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ, ಸೋಸಿದ ನೀರನ್ನು ಮಾತ್ರ ಇಳಿಸಿ. ಔಷಧಿ ಜಾಸ್ತಿ ಹೊಡೆಯುವ ಹೊಲವಾದರೆ ಅದೂ ಬೇಡ.