ಬೀನ್ಸ್ ಸಸಿ ಕತ್ತರಿಸ್ತಿರೋದು ಮೊಲಾನಾ ಹುಳಾನಾ?

ಬೀನ್ಸ್ ಸಸಿ ಬೆಳಗಾಗೋದ್ರೊಳಗೆ ಬುಡದಲ್ಲೇ ಕಟ್ ಆಗಿ ಬಿದ್ದಿರುತ್ತೆ, ಮೊಲಾನೇ ಇರ್ಬೇಕು, ಸುತ್ತ ಬೇಲಿ ಹಾಕಿದ್ರೆ ಸಾಕಾ ಅಂತ ಕೇಳಿದೀರಲ್ಲ, ಬೇಲಿಗೆ ದುಡ್ಡು ಸುರಿಯೋ ಮುಂಚೆ ಒಂದ್ಸಲ ಸಸೀನ ಸರಿಯಾಗಿ ನೋಡಿ. ಮೊಲ ಆದ್ರೆ ಎಲೆನ ಅಲ್ಲೇ ಬಿಟ್ಟು ಹೋಗಲ್ಲ, ತಿಂದೇ ಹೋಗುತ್ತೆ, ಉಳಿದ ಮೋಟಲ್ಲಿ ಓರೆಯಾಗಿ ಕ್ಲೀನ್ ಕಟ್ ಕಾಣುತ್ತೆ. ನಿಮ್ಮಲ್ಲಿ ಮೇಲಿನ ಭಾಗ ಹಾಗೇ ಪಕ್ಕದಲ್ಲಿ ಬಾಡಿ ಬಿದ್ದಿದೆ ಅಂತೀರಾ, ನಂಗೇನೋ ಇದು ಕಾಂಡ ಕತ್ತರಿಸೋ ಹುಳದ ಕೆಲಸ ಅನ್ಸುತ್ತೆ. ಬಿದ್ದ ಸಸಿ ಸುತ್ತ ಒಂದೆರಡು ಇಂಚು ಮಣ್ಣು ಮೆಲ್ಲಗೆ ಕೆದಕಿ, ಬೂದು ಇಲ್ಲಾ ಕಂದು ಬಣ್ಣದ ದಪ್ಪ ಹುಳ, ಮುಟ್ಟಿದ ತಕ್ಷಣ ಸುರುಳಿ ಸುತ್ಕೊಳ್ಳುತ್ತೆ, ಸಿಕ್ಕಿದ್ರೆ ಕಳ್ಳ ಅದೇ. ಸಿಗ್ಲಿಲ್ವಾ, ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ, ಹಗಲೆಲ್ಲಾ ಅಡಗಿದ್ದು ಆಗ್ಲೇ ಮೇಲೆ ಬರೋದು.

ಹುಳ ಆದ್ರೆ ಬೇಲಿ ವೇಸ್ಟು. ರಟ್ಟಿನ ಪಟ್ಟಿಯನ್ನ ಬಳೆ ಥರ ಸುತ್ತಿ ಪ್ರತಿ ಸಸಿಗೂ ಇಡಿ, 1 ಇಂಚು ಮಣ್ಣೊಳಗೆ 2 ಇಂಚು ಮೇಲೆ, ಕಾಂಡ ಗಟ್ಟಿಯಾಗೋವರೆಗೆ ಇದ್ರೆ ಸಾಕು.

ಅಕಸ್ಮಾತ್ ಮೊಲಾನೇ ಆದ್ರೆ ಸಣ್ಣ ಕಣ್ಣಿನ ತಂತಿ ಜಾಲರಿ, ಕಡಿಮೆ ಅಂದ್ರೂ 2 ಅಡಿ ಎತ್ತರ, ಕೆಳಗಡೆ ಅರ್ಧ ಅಡಿ ಹೂತಿರಬೇಕು, ಇಲ್ಲಾಂದ್ರೆ ತೋಡ್ಕೊಂಡು ಒಳಗೆ ಬರುತ್ತೆ. ಸಡಿಲ ನೈಲಾನ್ ಬಲೆ ಮಾತ್ರ ಬೇಡ, ಹಾವು ಹಕ್ಕಿ ಸಿಕ್ಕಾಕೊಂಡು ಒದ್ದಾಡೋದು ನೋಡಕ್ಕಾಗಲ್ಲ. ಖಾರದ ಪುಡಿ ಉದುರಿಸಿ ಅಂತಾರೆ ಕೆಲವರು, ಒಂದು ಮಳೆ ಬಂದ್ರೆ ಅಷ್ಟೂ ತೊಳ್ದು ಹೋಗುತ್ತೆ.