ಹೊಸ ಟೂರಿಂಗ್ ಬೈಕ್: ಈಗಲೇ ಕೊಳ್ಳುವುದೋ, ಒಂದು ಮಳೆಗಾಲ ಕಾಯುವುದೋ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ಎಂಟು ವರ್ಷಗಳಿಂದ 150 ಸಿಸಿಯ ಬೈಕ್ ಓಡಿಸುತ್ತಿದ್ದೇನೆ. ಟಿವಿಎಸ್‌ನವರ ಹೊಸ ಅಪಾಚೆ ಆರ್‌ಟಿಎಕ್ಸ್ 300 ಮನಸ್ಸಿಗೆ ಹಿಡಿಸಿದೆ. ಪತ್ನಿಯೊಂದಿಗೆ ತಿಂಗಳಿಗೊಮ್ಮೆ ಧರ್ಮಸ್ಥಳ, ಚಿಕ್ಕಮಗಳೂರು ಕಡೆಗೆ ಹೋಗುವ ರೂಢಿಯಿದೆ. ಬೇಸಿಗೆ ರಜೆಯಲ್ಲಿ ಒಮ್ಮೆಯಾದರೂ ಲಡಾಖ್ ನೋಡಬೇಕೆಂಬ ಆಸೆಯೂ ಇದೆ. ನನ್ನ ಎತ್ತರ 5 ಅಡಿ 5 ಅಂಗುಲ. ಮೊದಲ ಬ್ಯಾಚಿನ ಗಾಡಿ ಬೇಡವೆಂದು ಗೆಳೆಯರು ಹೇಳುತ್ತಾರೆ, ತಡಮಾಡಿದರೆ ಬೆಲೆ ಏರುತ್ತದೆಂದು ಶೋರೂಮಿನವರು ಹೇಳುತ್ತಾರೆ. ಸ್ವಲ್ಪ ಹಣ ಹೆಚ್ಚಾದರೂ ರಾಯಲ್ ಎನ್‌ಫೀಲ್ಡ್‌ನವರ ಹಿಮಾಲಯನ್ 450 ಕೊಳ್ಳುವುದೇ ಲೇಸೇ?

ಉತ್ತರ: ನಿಮ್ಮ ಗೆಳೆಯರ ಮಾತೂ ಸುಳ್ಳಲ್ಲ, ಶೋರೂಮಿನವರ ಮಾತೂ ಪೂರ್ತಿ ಸುಳ್ಳಲ್ಲ. ಮೊದಲು ಹಣದ ಲೆಕ್ಕ ಮುಗಿಸಿಬಿಡೋಣ, ಏಕೆಂದರೆ ‘ಸ್ವಲ್ಪ ಹೆಚ್ಚು’ ಎಂದು ನೀವು ಬರೆದಿರುವುದು ಸ್ವಲ್ಪವಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ 350 ಸಿಸಿಯವರೆಗಿನ ಬೈಕುಗಳಿಗೆ ತೆರಿಗೆ 28ರಿಂದ 18 ಪ್ರತಿಶತಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. ಅದರ ಮರುತಿಂಗಳೇ ಬಿಡುಗಡೆಯಾದ ಆರ್‌ಟಿಎಕ್ಸ್‌ನ ಎಂಜಿನ್ 299 ಸಿಸಿಯದು, ಆರಂಭಿಕ ಎಕ್ಸ್‌-ಶೋರೂಂ ಬೆಲೆ ಆಗ 1.99 ಲಕ್ಷ ರೂಪಾಯಿ. ಹಿಮಾಲಯನ್‌ನದು 452 ಸಿಸಿ; ಹೊಸ ತೆರಿಗೆಯೊಂದಿಗೆ ಅದರ ಬೆಲೆ ಮೂರು ಲಕ್ಷ ದಾಟಿತು. ಇದರ ಮೇಲೆ ನಮ್ಮ ರಾಜ್ಯದಲ್ಲಿ ಲಕ್ಷಕ್ಕಿಂತ ಹೆಚ್ಚು ಬೆಲೆಯ ದ್ವಿಚಕ್ರ ವಾಹನಕ್ಕೆ 18 ಪ್ರತಿಶತ ಆಜೀವ ತೆರಿಗೆ, ಆ ತೆರಿಗೆಗೊಂದು ಸೆಸ್. ವಿಮೆಯಲ್ಲಿಯೂ ಅದೇ 350ರ ಗೆರೆ ಎದುರಾಗುತ್ತದೆ: ಹೊಸ ಗಾಡಿಗೆ ಕಡ್ಡಾಯವಾಗಿರುವ ಐದು ವರ್ಷದ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ದರ 150ರಿಂದ 350 ಸಿಸಿಯವರೆಗೆ 7,365 ರೂಪಾಯಿಯಾದರೆ, ಅದರಿಂದ ಮೇಲಕ್ಕೆ 15,117. ಎಲ್ಲ ಕೂಡಿಸಿದರೆ ಒಂದು ಎರಡೂವರೆ ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತದೆ, ಇನ್ನೊಂದು ನಾಲ್ಕು ಲಕ್ಷಕ್ಕೆ ಹತ್ತಿರ ಬರುತ್ತದೆ. ನಡುವಿನ ಆ ಹಣದಲ್ಲಿ ಇಬ್ಬರಿಗೂ ಒಳ್ಳೆಯ ಹೆಲ್ಮೆಟ್, ಜಾಕೆಟ್, ಬೂಟು ಕೊಂಡು, ಲಡಾಖ್‌ಗೆ ಹೋಗಿಬಂದು, ಕೈಯಲ್ಲಿ ಇನ್ನೂ ಒಂದಿಷ್ಟು ಉಳಿದೀತು.

ಇನ್ನು ಗಾಡಿಗಳ ಗುಣ. ಆರ್‌ಟಿಎಕ್ಸ್ 36 ಪಿಎಸ್ ಶಕ್ತಿ ಕೊಡುತ್ತದೆ, ಆದರೆ ಅಷ್ಟು ಕೊಡುವುದು 9,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿದಾಗ; 28.5 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆತದ ಬಲ, ಸಿಗುವುದು 7,000ದಲ್ಲಿ. ಹಿಮಾಲಯನ್‌ನ 40 ನ್ಯೂಟನ್ ಮೀಟರ್ 5,500ಕ್ಕೇ ಕೈಗೆ ಬರುತ್ತದೆ. ಈ ಅಂಕಿಗಳ ಅರ್ಥ ಶಿರಾಡಿ ಘಾಟಿಯಲ್ಲಿ ತಿಳಿಯುತ್ತದೆ. ಹಿಂದೆ ಪತ್ನಿ, ಪಕ್ಕಕ್ಕೆ ಎರಡು ಚೀಲ, ಮುಂದೆ ಮಂಗಳೂರಿನಿಂದ ಸರಕು ಹೇರಿಕೊಂಡು ಉಸಿರು ಬಿಡುತ್ತ ಹತ್ತುವ ಲಾರಿ; ಅದನ್ನು ದಾಟಲು ಸಿಗುವುದು ಎಂಟು ಹತ್ತು ಸೆಕೆಂಡು. ಅಲ್ಲಿ ಹಿಮಾಲಯನ್ ಇದ್ದ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ, ಆರ್‌ಟಿಎಕ್ಸ್‌ನಲ್ಲಿ ನೀವು ಒಂದು ಗೇರು ಇಳಿಸಿ ಎಂಜಿನ್ ಕೂಗುವಂತೆ ತಿರುಗಿಸಬೇಕು. 150 ಸಿಸಿಯಲ್ಲಿ ಎಂಟು ವರ್ಷ ಪಳಗಿದವರಿಗೆ ಗೇರು ಇಳಿಸುವುದು ಕಷ್ಟವೆಂದು ನನಗನಿಸುವುದಿಲ್ಲ. ಈಗಿನ ಬೈಕಿನ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ನಿಮಗೆ ಸಿಗುತ್ತಿರುತ್ತದೆ.

ಎತ್ತರದ ವಿಷಯವೇ ನನಗೆ ಹೆಚ್ಚು ಯೋಚನೆ ಹುಟ್ಟಿಸಿದ್ದು. ಆರ್‌ಟಿಎಕ್ಸ್‌ನ ಸೀಟು ನೆಲದಿಂದ 835 ಮಿಲಿಮೀಟರ್ ಎತ್ತರದಲ್ಲಿದೆ. ಹಿಮಾಲಯನ್‌ನಲ್ಲಿ ಅದನ್ನು 825ಕ್ಕೂ 845ಕ್ಕೂ ಹೊಂದಿಸಿಕೊಳ್ಳಬಹುದು, ಬೇಕಾದರೆ ಇನ್ನೂ ತಗ್ಗಿನ ಸೀಟನ್ನು ಬೇರೆಯಾಗಿ ಕೊಳ್ಳಬಹುದು. 5 ಅಡಿ 5 ಅಂಗುಲದವರಿಗೆ ಎರಡರಲ್ಲಿಯೂ ಎರಡು ಪಾದಗಳು ಪೂರ್ತಿ ನೆಲಕ್ಕೆ ಊರುವುದಿಲ್ಲ, ಬೆರಳುಗಳ ಬುಡವಷ್ಟೇ ಊರುತ್ತದೆ. ಓಡುವ ಬೈಕಿನಲ್ಲಿ ಇದು ತೊಂದರೆಯೇ ಅಲ್ಲ. ತೊಂದರೆ ಬರುವುದು ಡಾಂಬರಿನ ಅಂಚು ಎಡಕ್ಕೆ ಕುಸಿದಿರುವ ಕಡೆ, ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತಾಗ, ಎಡಗಾಲಿಗೆ ನೆಲ ಇದೆಯೆಂದುಕೊಂಡ ಜಾಗದಲ್ಲಿ ನೆಲವಿಲ್ಲದಿದ್ದಾಗ. ಆ ಗಳಿಗೆಯಲ್ಲಿ 180 ಕಿಲೋ ಮತ್ತು 196 ಕಿಲೋಗಳ ನಡುವಿನ ವ್ಯತ್ಯಾಸ ಕಾಗದದ ಮೇಲಿನದಾಗಿ ಉಳಿಯುವುದಿಲ್ಲ. ಹಗುರವಾದದ್ದು ಆರ್‌ಟಿಎಕ್ಸ್, ನಿಮ್ಮ ಮಟ್ಟಿಗೆ ಅದು ದೊಡ್ಡ ಅನುಕೂಲ. ಸಸ್ಪೆನ್ಷನ್ ಲಿಂಕ್ ಬದಲಿಸಿ ಬೈಕನ್ನೇ ತಗ್ಗಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೆಲದಿಂದ 200 ಮಿಲಿಮೀಟರ್ ಅಂತರವಿರುವ ಗಾಡಿಯಲ್ಲಿ ಕಳೆಯುವಷ್ಟು ಹೆಚ್ಚುವರಿ ಅಂತರವಿಲ್ಲ.

ಈಗ ಮೊದಲ ಬ್ಯಾಚಿನ ಮಾತು. ಆರ್‌ಟಿಎಕ್ಸ್‌ನ ಎಂಜಿನ್ ಕಂಪನಿಯ ಹಳೆಯ 310ರ ಎಂಜಿನ್ ಅಲ್ಲ, ಹೊಸದಾಗಿ ರೂಪಿಸಿದ್ದು. ಹೊಸ ಎಂಜಿನ್ ಕೆಟ್ಟದ್ದೆಂದು ಅರ್ಥವಲ್ಲ. ಲಕ್ಷಾಂತರ ಕಿಲೋಮೀಟರ್ ಪರೀಕ್ಷೆಯ ನಂತರವೂ ನಮ್ಮ ಊರುಗಳ ಮಳೆ, ಕೆಸರು, ಕಲಬೆರಕೆ ಪೆಟ್ರೋಲ್, ಹಳ್ಳಿ ಮೆಕ್ಯಾನಿಕನ ಸ್ಪ್ಯಾನರ್ ಇವೆಲ್ಲ ಅದಕ್ಕೆ ಮೊದಲ ಸಲ ಎದುರಾಗುವುದು ಗ್ರಾಹಕರ ಕೈಯಲ್ಲಿಯೇ ಎಂದಷ್ಟೇ ಅರ್ಥ. ಈ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತವನು. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯ ಹೊಸ ಮಾದರಿಯನ್ನು ಬಿಡುಗಡೆಯಾದ ತಿಂಗಳಲ್ಲೇ ಕೊಂಡು, ಜುಲೈನಲ್ಲಿ ಆಗುಂಬೆ ಘಾಟಿ ಹತ್ತುತ್ತಿದ್ದೆ. ತಿರುವೊಂದರಲ್ಲಿ ನಿಲ್ಲಿಸಿ ಮತ್ತೆ ಹೊರಡಲು ಗೇರು ಹಾಕಿದೊಡನೆ ಎಂಜಿನ್ ಆರಿತು. ನ್ಯೂಟ್ರಲ್‌ನಲ್ಲಿ ಹೊತ್ತುತ್ತದೆ, ಗೇರು ಹಾಕಿದರೆ ಆರುತ್ತದೆ. ಅರ್ಧ ಗಂಟೆ ಮಳೆಯಲ್ಲಿ ನಿಂತ ಮೇಲೆ ಅರ್ಥವಾಯಿತು: ಸೈಡ್ ಸ್ಟ್ಯಾಂಡಿನ ಸ್ವಿಚ್ಚಿಗೆ ನೀರು ಹೊಕ್ಕು, ಸ್ಟ್ಯಾಂಡ್ ಇನ್ನೂ ಇಳಿದೇ ಇದೆಯೆಂದು ಗಾಡಿ ಭಾವಿಸಿತ್ತು. ತೀರ್ಥಹಳ್ಳಿಯ ಮೆಕ್ಯಾನಿಕ್ ಒಬ್ಬರು, ಆ ಬೈಕನ್ನು ಅದೇ ಮೊದಲು ಕಂಡವರು, ಎರಡು ಅಂಗುಲ ತಂತಿ ಜೋಡಿಸಿ ಸ್ವಿಚ್ಚನ್ನೇ ದಾಟಿಸಿ ನನ್ನನ್ನು ಮನೆಗೆ ಕಳುಹಿಸಿದರು. ಕೆಲವೇ ನೂರು ರೂಪಾಯಿಯ ಆ ಬಿಡಿಭಾಗ ಸರ್ವಿಸ್ ಸೆಂಟರಿಗೆ ಬರಲು ಮೂರು ವಾರ ಹಿಡಿಯಿತು. ಮರುವರ್ಷ ಬಂದ ಗಾಡಿಗಳಲ್ಲಿ ಅದೇ ಸ್ವಿಚ್ಚಿಗೆ ರಬ್ಬರಿನ ಟೊಪ್ಪಿಗೆ ಇತ್ತು.

ಹೀಗೆ ಮೊದಲು ಕೊಂಡವರಿಗೆ ಸಿಗದ್ದು ಆಮೇಲೆ ಕೊಂಡವರಿಗೆ ಸಿಗುವುದು ಈ ವರ್ಗದ ಬೈಕುಗಳಲ್ಲಿ ಹೊಸದೇನಲ್ಲ. 2016ರಲ್ಲಿ ಮೊದಲ ಹಿಮಾಲಯನ್ ಕಾರ್ಬುರೇಟರ್‌ನೊಂದಿಗೆ ಬಂತು, ಮರುವರ್ಷ ಫ್ಯುಯೆಲ್ ಇಂಜೆಕ್ಷನ್ ಸೇರಿತು, ಎಬಿಎಸ್ ಅದಕ್ಕೂ ಆಮೇಲೆ. ಕೆಟಿಎಂ 390 ಅಡ್ವೆಂಚರ್ ನಮ್ಮಲ್ಲಿ 2020ರಲ್ಲಿ ಬಂದರೆ, ಕಡ್ಡಿ ಚಕ್ರ ಮತ್ತು ಹೊಂದಿಸಬಲ್ಲ ಸಸ್ಪೆನ್ಷನ್ ಇರುವ ಆವೃತ್ತಿಗೆ 2023ರವರೆಗೆ ಕಾಯಬೇಕಾಯಿತು. 2023ರ ನವೆಂಬರ್‌ನಲ್ಲಿ ಬಂದ ಹಿಮಾಲಯನ್ 450ಕ್ಕೂ ಟ್ಯೂಬ್‌ಲೆಸ್ ಕಡ್ಡಿ ಚಕ್ರ ನಮ್ಮಲ್ಲಿ ದೊರೆತದ್ದು ಮರುವರ್ಷವೇ. ಆದರೆ ಶೋರೂಮಿನವರ ಪಕ್ಷದ ಸಾಕ್ಷ್ಯವೂ ಅಲ್ಲಿಯೇ ಇದೆ: ಅದೇ 450 ಬಿಡುಗಡೆಯ ದಿನ 2.69 ಲಕ್ಷದಿಂದ ಆರಂಭವಾಗಿ, 2024ರ ಜನವರಿಗೆ 2.85 ಲಕ್ಷವಾಯಿತು. ಕಾಯುವುದಕ್ಕೂ ಒಂದು ಬೆಲೆಯಿದೆ. ಆ ಹದಿನಾರು ಸಾವಿರವನ್ನು ನಾನಾದರೆ ನೆಮ್ಮದಿಗೆ ಕೊಟ್ಟ ಕಂತೆಂದು ಭಾವಿಸುತ್ತೇನೆ. ನೀವು ಹಾಗೆ ಭಾವಿಸಬೇಕೆಂದಿಲ್ಲ.

ನಿಮ್ಮ ಊರಿನಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ತೀರ್ಮಾನಕ್ಕೆ ಮುಂಚೆ ಒಂದು ಶನಿವಾರ ಮಧ್ಯಾಹ್ನ ಅಲ್ಲಿನ ಸರ್ವಿಸ್ ವಿಭಾಗಕ್ಕೆ, ಮಾರಾಟ ವಿಭಾಗಕ್ಕಲ್ಲ, ಹೋಗಿ ಎರಡು ಮಾತು ಕೇಳಿ: ಈ ಮಾದರಿಯ ಎಷ್ಟು ಗಾಡಿಗಳಿಗೆ ಇಲ್ಲಿಯವರೆಗೆ ಎರಡನೆಯ ಸರ್ವಿಸ್ ಮಾಡಿದ್ದೀರಿ, ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಗೇರ್ ಲಿವರ್ ಇವು ಈಗ ಶೆಲ್ಫಿನಲ್ಲಿ ಇವೆಯೇ. ಗಾಡಿ ಬಿದ್ದಾಗ ಮೊದಲು ಬಾಗುವುದೇ ಆ ಲಿವರ್. ಉತ್ತರ ಕೇಳುವಾಗ ಮೆಕ್ಯಾನಿಕ್‌ನ ಮುಖ ನೋಡಿದರೆ ಸಾಕು.

ನಿಮ್ಮ ಪತ್ರ ಓದಿ ನನಗೆ ತೋಚಿದ್ದು ಇಷ್ಟು: ನಿಮಗೆ ಬೇಕಾದದ್ದು ಆರ್‌ಟಿಎಕ್ಸ್ ವರ್ಗದ ಗಾಡಿಯೇ, ಹಿಮಾಲಯನ್ ಬೇಡ. ಹಳೆಯ ಬೈಕ್ ಇನ್ನೂ ಚೆನ್ನಾಗಿ ಓಡುತ್ತಿದ್ದರೆ ಹೊಸ ಗಾಡಿಗಳು ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆಯುವವರೆಗೆ ತಾಳಿ, ದಸರಾ ಹೊತ್ತಿಗೆ ಕೊಳ್ಳಿ. ಲಡಾಖ್ ವಿಷಯದಲ್ಲಿ ಒಂದು ಸಂಗತಿ: ನಮ್ಮ ಶಾಲೆಗಳ ಬೇಸಿಗೆ ರಜೆ ಮೇ ಅಂತ್ಯಕ್ಕೆ ಮುಗಿಯುತ್ತದೆ, ಮನಾಲಿಯಿಂದ ಲೇಹ್‌ಗೆ ಹೋಗುವ ರಸ್ತೆಯ ಹಿಮ ಸಾಮಾನ್ಯವಾಗಿ ತೆರವಾಗುವುದೇ ಆ ಹೊತ್ತಿಗೆ. ಶ್ರೀನಗರದ ಕಡೆಯಿಂದ ಜೋಜಿ ಲಾ ಅದಕ್ಕಿಂತ ಮುಂಚೆ ತೆರೆಯುತ್ತದೆ. ನಿಮ್ಮ ದಾರಿ ಅದೇ. ಆರ್‌ಟಿಎಕ್ಸ್‌ನ ಪೆಟ್ರೋಲ್ ಟ್ಯಾಂಕ್ 12.5 ಲೀಟರಿನದಾದ್ದರಿಂದ, ಲೀಟರಿಗೆ 30 ಕಿಲೋಮೀಟರ್ ಸಿಕ್ಕರೂ 350 ದಾಟುವ ಮುನ್ನವೇ ಬಂಕ್ ಹುಡುಕಬೇಕು. 17 ಲೀಟರ್ ಹಿಡಿಯುವ ಹಿಮಾಲಯನ್ ಈ ಒಂದು ವಿಷಯದಲ್ಲಿ ನಿಸ್ಸಂಶಯವಾಗಿ ಮುಂದಿದೆ.

ಪ್ರಶ್ನೆ: ಮುಂಗಡ ಕೊಟ್ಟರಷ್ಟೇ ಟೆಸ್ಟ್ ರೈಡ್ ಎನ್ನುತ್ತಾರೆ. ಕೊಟ್ಟರೂ ಒಂದು ಕಿಲೋಮೀಟರ್ ಸುತ್ತಿಸುತ್ತಾರೆ. ಅಷ್ಟರಲ್ಲಿ ಏನು ತಿಳಿಯುತ್ತದೆ? (ಉಡುಪಿಯ ಓದುಗರು)

ಉತ್ತರ: ಓಡಿಸಿ ನೋಡದ ಗಾಡಿಗೆ ಮುಂಗಡ ಕೊಡಬೇಡಿ. ಮರಳಿಸುವ ಷರತ್ತನ್ನು ರಸೀದಿಯಲ್ಲಿ ಬರೆದುಕೊಟ್ಟರೆ ಮಾತು ಬೇರೆ. ಒಂದು ಕಿಲೋಮೀಟರ್‌ನಲ್ಲಿ ವೇಗ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ನಿಂತಲ್ಲಿಯೇ ತಿಳಿಯುವುದು ಬಹಳವಿದೆ. ಪ್ರವಾಸಕ್ಕೆ ಹಾಕುವ ಬೂಟು ಧರಿಸಿ ಹೋಗಿ. ಎಂಜಿನ್ ಆರಿಸಿ, ಶೋರೂಮಿನ ಮುಂದಿನ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಿ. ಹಿಂಬದಿ ಸವಾರರನ್ನು ಕರೆದೊಯ್ದು, ಅವರು ಸೈಡ್ ಬ್ಯಾಗಿನ ಚೌಕಟ್ಟಿಗೆ ಕಾಲು ತಾಗಿಸದೆ ಹತ್ತಿ ಇಳಿಯಬಲ್ಲರೇ ನೋಡಿ. ಆ ಸೀಟಿನಲ್ಲಿ ಅವರು ಕಾಲು ಗಂಟೆ ಸುಮ್ಮನೆ ಕೂತಿರಲಿ. ಮಾರಾಟದ ಹುಡುಗನಿಗೆ ಅವಸರವಾಗುತ್ತದೆ, ಆಗಲಿ. ಆಮೇಲೆ ಹ್ಯಾಂಡಲ್ ಹಿಡಿದು ಫುಟ್‌ಪೆಗ್ ಮೇಲೆ ಎದ್ದು ನಿಲ್ಲಿ: ಬೆನ್ನು ಬಾಗುತ್ತದೆಯೆಂದಾದರೆ ಹಾಳಾದ ರಸ್ತೆಯಲ್ಲಿ ಹತ್ತು ನಿಮಿಷವೂ ನೀವು ನಿಂತು ಓಡಿಸಲಾರಿರಿ. ಓಡಿಸಿ ತಂದ ಮೇಲೆ ಎಂಜಿನ್ ಚಾಲೂ ಇಟ್ಟು ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಕೂತೇ ಇರಿ. ಬಿಸಿಗಾಳಿ ಯಾವ ಕಾಲಿಗೆ, ಎಷ್ಟು ಬಡಿಯುತ್ತದೆ ಎನ್ನುವುದು ಮಣಿಪಾಲದ ಸಂಜೆಯ ಟ್ರಾಫಿಕ್‌ನಲ್ಲಿ ನಿಮಗೆ ಪ್ರತಿದಿನ ನೆನಪಾಗುವ ಸಂಗತಿ.

ಪ್ರಶ್ನೆ: ನನ್ನ ಬಜೆಟ್ ಒಂದೂವರೆ ಲಕ್ಷ. ಹೊಸ ಮಾದರಿಯ ಬದಲು ಹಳೆಯ ಹಿಮಾಲಯನ್ 411 ಅನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಹೇಗೆ? (ಶಿರಸಿಯ ಓದುಗರು)

ಉತ್ತರ: ಚೆನ್ನಾಗಿ ನೋಡಿಕೊಂಡ ಗಾಡಿ ಸಿಕ್ಕರೆ ಕೊಳ್ಳಿ. 24.3 ಪಿಎಸ್ ಶಕ್ತಿಯ, ಐದು ಗೇರಿನ ಆ ಬೈಕಿಗೆ ಹೆದ್ದಾರಿಯಲ್ಲಿ ಏದುಸಿರು ಬರುವುದು ನಿಜ. ಆದರೆ ಕೆಳಗಿನ ಆರ್‌ಪಿಎಂನಲ್ಲಿಯೇ 32 ನ್ಯೂಟನ್ ಮೀಟರ್ ಎಳೆತ, ರೇಡಿಯೇಟರ್ ಇಲ್ಲದ ಸರಳ ಎಂಜಿನ್, 800 ಮಿಲಿಮೀಟರ್‌ನ ತಗ್ಗು ಸೀಟು ಇವು ಶಿರಸಿ, ಸಿದ್ದಾಪುರದ ರಸ್ತೆಗಳಿಗೆ ಹೇಳಿ ಮಾಡಿಸಿದಂತಿವೆ. ಚಕ್ರಗಳು ಟ್ಯೂಬಿನವಾದ್ದರಿಂದ ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಕು; ಟೈರ್ ಬಿಚ್ಚುವ ಲಿವರ್, ಪಂಪ್, ಒಂದು ಟ್ಯೂಬ್ ಜೊತೆಗಿರಲಿ. ನೋಡಲು ಹೋದಾಗ ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲನ್ನು ನಿಧಾನ ತಿರುಗಿಸಿ: ನಡುವಿನಲ್ಲಿ ಹಲ್ಲು ಕಚ್ಚಿದಂತೆ ಅನಿಸಿದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸವೆದಿದೆ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಸಾಲದಲ್ಲಿ ಕೊಂಡ ಗಾಡಿಯಾಗಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆದುಹಾಕಿಸಿದ ಮೇಲೆಯೇ ಪೂರ್ತಿ ಹಣ ಕೊಡಿ.

ಪ್ರಶ್ನೆ: ನನಗೆ 58 ವರ್ಷ. ಕ್ರೂಸ್ ಕಂಟ್ರೋಲ್, ಕ್ವಿಕ್‌ಶಿಫ್ಟರ್ ಇರುವ ದುಬಾರಿ ಆವೃತ್ತಿಯನ್ನೇ ಕೊಳ್ಳಬೇಕೆ? (ಬೆಂಗಳೂರಿನ ಓದುಗರು)

ಉತ್ತರ: ಕ್ಲಚ್ ಹಿಡಿಯದೆ ಗೇರು ಬದಲಿಸುವ ಕ್ವಿಕ್‌ಶಿಫ್ಟರ್‌ಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಊರೊಳಗಿನ ನಿಧಾನ ಓಟದಲ್ಲಿ ಅದು ಗಾಡಿಯನ್ನು ಕುಲುಕಿಸುತ್ತದೆ. ಕ್ರೂಸ್ ಕಂಟ್ರೋಲ್ ಮಾತ್ರ ಬಲ ಮಣಿಕಟ್ಟಿಗೆ ನಿಜವಾದ ಬಿಡುವು, ತುಮಕೂರು ದಾಟಿದ ಮೇಲೆ ಚಿತ್ರದುರ್ಗದವರೆಗೆ ಅದು ಉಪಯೋಗಕ್ಕೆ ಬರುತ್ತದೆ. ನೀವು ಮನಸ್ಸಿನಲ್ಲಿಟ್ಟುಕೊಂಡಿರುವುದು ಮೈಸೂರು ಹೆದ್ದಾರಿಯಾದರೆ, ಅದರ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯ ಹಂಪುಗಳ ನಡುವೆ ಕ್ರೂಸ್ ಕಂಟ್ರೋಲ್ ಒತ್ತುವ ಸಂದರ್ಭ ನಿಮಗೆ ಬರಲಾರದು.