ಕೋವಿ ಕೊಳ್ಳುವ ಮೊದಲು ಫ್ರೀಜರ್ ಕೊಳ್ಳಿ

ಕೆನಡಾದ ಕ್ಯಾಲ್ಗರಿಗೆ ಬಂದು ಎಂಟು ತಿಂಗಳಾಯಿತು, ಊರು ವಿರಾಜಪೇಟೆ ಕಡೆ, ಈ ನವೆಂಬರಿನಲ್ಲೇ ಎಲ್ಕ್ ಎಂಬ ಇಲ್ಲಿಯ ದೊಡ್ಡ ಜಿಂಕೆಯೊಂದನ್ನು ಹೊಡೆಯುವ ಆಸೆ ಎಂದು ಬರೆದಿದ್ದೀರಿ. ಯಾವ ರೈಫಲ್ ಕೊಳ್ಳಲಿ, ತೋಟಾಗಳನ್ನು ಮನೆಯಲ್ಲೇ ತುಂಬಿಕೊಂಡರೆ ಅಗ್ಗವಾಗುತ್ತದೆಯೇ, ಏನೇನು ಸಾಮಾನು ಬೇಕು, ಅಜ್ಜನ ಕೋವಿಯನ್ನು ಇಲ್ಲಿಗೆ ತರಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ಕೊಪ್ಪದವನು. ಕ್ಯಾಲ್ಗರಿ ಇರುವ ಈ ಆಲ್ಬರ್ಟಾ ಪ್ರಾಂತ್ಯಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಹದಿನಾಲ್ಕು ನವೆಂಬರುಗಳನ್ನು ಹಿಮ ತುಳಿದೇ ಕಳೆದಿದ್ದೇನೆ. ನೀವು ಕೇಳದೇ ಬಿಟ್ಟ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಬೇಸರಿಸಬೇಡಿ: ನಿಮ್ಮ ಮನೆಯ ಫ್ರೀಜರ್ ಎಷ್ಟು ದೊಡ್ಡದು?

ನಗಬೇಡಿ ಮಾರಾಯರೆ. ನಮ್ಮ ತಂದೆಯವರ ಕಾಲದಲ್ಲಿ ಈಡಿಗೆ, ಅಂದರೆ ಬೇಟೆಗೆ, ಹೋಗುವುದೆಂದರೆ ಊರಿಗೆ ಊರೇ ಹೊರಡುವುದು. ಹಳು ನುಗ್ಗಿ ಪ್ರಾಣಿಗಳನ್ನು ಎಬ್ಬಿಸುವವರು ಒಂದಿಷ್ಟು ಜನ, ಬಿಲ್ಲಿನಲ್ಲಿ, ಅಂದರೆ ಕೋವಿ ಹಿಡಿದು ಕಾಯುವ ಜಾಗದಲ್ಲಿ, ಕೂರುವವರು ಒಂದಿಷ್ಟು ಜನ, ಜೊತೆಗೆ ನಾಯಿಗಳು. ಕಡವೆ ಬಿದ್ದರೆ ಬಿದಿರು ಕಡಿದು ಹೊರುವುದಕ್ಕೆ ಆಳುಗಳಿದ್ದರು, ಪಾಲು ಹಾಕುವುದಕ್ಕೆ ಹಿರಿಯರಿದ್ದರು. ಈಡು ಹೊಡೆದವನಿಗೆ ಅಲ್ಲಿಗೆ ಕೆಲಸ ಮುಗಿಯಿತು. ಇಲ್ಲಿ ಗುಂಡು ಹಾರಿದ ಮೇಲೆಯೇ ಕೆಲಸ ಶುರು. ಬಲಿತ ಗಂಡು ಎಲ್ಕ್ ಮುನ್ನೂರು ಕಿಲೋ ಮೀರುತ್ತದೆ. ಮೂಳೆ ಬಿಡಿಸಿದರೂ ನೂರು ಕಿಲೋ ಆಸುಪಾಸು ಮಾಂಸ. ಬೆನ್ನಿಗೆ ಇಪ್ಪತ್ತೈದು ಕಿಲೋದಂತೆ ನಾಲ್ಕು ಹೊರೆ. ರಸ್ತೆ ಮೂರು ಕಿಲೋಮೀಟರ್ ದೂರವಿದ್ದರೆ ಹೋಗಿ ಬಂದು ಇಪ್ಪತ್ತೊಂದು ಕಿಲೋಮೀಟರ್ ನಡಿಗೆ. ಸೂರ್ಯ ಬೇಗನೆ ಮುಳುಗಿರುತ್ತಾನೆ, ಚಳಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ನೀವು ಎರಡನೆಯ ಹೊರೆಗೆ ಮರಳುವಷ್ಟರಲ್ಲಿ ಮಾಂಸದ ಬಳಿ ಕರಡಿ ಬಂದಿರಬಹುದು. ಗ್ರಿಜ್ಲಿ ಎಂಬ ದೊಡ್ಡ ಕಂದು ಕರಡಿಯ ಬೇಟೆ ಇಲ್ಲಿ ಸಾಮಾನ್ಯ ಬೇಟೆಗಾರರಿಗೆ 2006ರಿಂದ ನಿಂತಿದೆ, ಆದರೆ ಆ ವಿಷಯ ಗ್ರಿಜ್ಲಿಗೆ ಗೊತ್ತಿಲ್ಲ. ಹೊರಲಾರೆ ಎಂದು ಮಾಂಸ ಬಿಟ್ಟುಬಂದರೆ ಅದು ಅಪರಾಧ. ಜಿಂಕೆ, ಎಲ್ಕ್, ಎಲ್ಕ್‌ಗಿಂತಲೂ ದೊಡ್ಡ ಜಾತಿಯ ಮೂಸ್‌ಗಳ ತಿನ್ನಬಹುದಾದ ಮಾಂಸವನ್ನು ಹಾಳು ಮಾಡಿದವನಿಗೆ ದಂಡ ಬೀಳುತ್ತದೆ. ಮಾರುವಂತೆಯೂ ಇಲ್ಲ.

ಆದ್ದರಿಂದ ಮೊದಲ ವರ್ಷ ಎಲ್ಕ್ ಆಸೆ ಬಿಡಿ. ಬಿಳಿಬಾಲದ ಜಿಂಕೆಯಿಂದ ಆರಂಭಿಸಿ. ಒಬ್ಬನೇ ಹಿಮದ ಮೇಲೆ ಎಳೆದು ತರಬಹುದು, ಒಂದು ಮಧ್ಯಮ ಫ್ರೀಜರಿನಲ್ಲಿ ಹಿಡಿಸುತ್ತದೆ, ಬೇಟೆಯ ಅನುಮತಿ ಚೀಟಿ ಸುಲಭವಾಗಿ ಸಿಗುತ್ತದೆ. ಮೂಸ್‌ಗೂ ಎಲ್ಕ್‌ನ ಹಲವು ಬೇಟೆ ವಿಭಾಗಗಳಿಗೂ ಲಾಟರಿ ಎತ್ತುತ್ತಾರೆ. ಈ ವರ್ಷ ಸಿಗದವರಿಗೆ ಮುಂದಿನ ವರ್ಷ ಆದ್ಯತೆ ಒಂದು ಮೆಟ್ಟಿಲು ಏರುತ್ತದೆ. ಬೇಟೆಗೆ ಹೋಗದಿದ್ದರೂ ಅರ್ಜಿ ಹಾಕುತ್ತಿರಿ, ಮೆಟ್ಟಿಲುಗಳು ಕೂಡುತ್ತಿರಲಿ.

ಇನ್ನು ಕಾಗದಪತ್ರ. ಬಂದೂಕು ಕೊಳ್ಳಲು, ಇಟ್ಟುಕೊಳ್ಳಲು ಬೇಕಾದ ಕೆನಡಾದ ಪರವಾನಗಿಯನ್ನು ಎಲ್ಲರೂ ‘ಪಾಲ್’ ಎನ್ನುತ್ತಾರೆ. ಮಲೆನಾಡಿನವನಾದ ನನಗೆ ಆ ಪದ ಕೇಳಿದಾಗಲೆಲ್ಲ ಮಾಂಸದ ಪಾಲೇ ನೆನಪಾಗುವುದು. ಮೊದಲು ಒಂದು ದಿನದ ಸುರಕ್ಷತಾ ತರಬೇತಿ, ಆಮೇಲೆ ಬರಹದ ಪರೀಕ್ಷೆ ಮತ್ತು ಕೈಯಲ್ಲಿ ಬಂದೂಕು ಹಿಡಿಸಿ ನೋಡುವ ಪರೀಕ್ಷೆ. ಎರಡರಲ್ಲೂ ನೂರಕ್ಕೆ ಎಂಬತ್ತು ಬರಬೇಕು. ಮನೆಯಲ್ಲಿ ಕೋವಿ ನೋಡಿಯೇ ಬೆಳೆದ ನಮ್ಮಂಥವರು ಎಡವುವುದು ಎರಡನೆಯದರಲ್ಲಿ. ಟ್ರಿಗರ್ ಮೇಲೆ ಬೆರಳಿಡುವ ಹಳೆಯ ಚಾಳಿ ಅಲ್ಲಿ ಸಿಕ್ಕಿಬೀಳುತ್ತದೆ. ಮೊದಲ ಸಲ ಅರ್ಜಿ ಹಾಕುವವರಿಗೆ ಕನಿಷ್ಠ 28 ದಿನಗಳ ಕಾಯುವಿಕೆ ಕಡ್ಡಾಯ, ಹೆಚ್ಚಿನವರಿಗೆ ಅದಕ್ಕಿಂತ ಬಹಳ ಹೆಚ್ಚೇ ಹಿಡಿಯುತ್ತದೆ. ನಿಮ್ಮನ್ನು ವರ್ಷಗಳಿಂದ ಬಲ್ಲ ಇಬ್ಬರ ಹೆಸರು ಕೊಡಬೇಕು. ಹೊಸದಾಗಿ ಬಂದವರಿಗೆ ಕಷ್ಟವಾಗುವುದು ಇಲ್ಲೇ. ನನಗೆ ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡಿ ನನಗಿಂತ ಮೊದಲೇ ಇಲ್ಲಿಗೆ ಬಂದಿದ್ದ ಗೆಳೆಯರು ಆಸರೆಯಾದರು. ಪತ್ನಿಯ ಸಹಿಗೂ ಅರ್ಜಿಯಲ್ಲಿ ಜಾಗವಿದೆ. ಅವರು ಸಹಿ ಹಾಕದಿದ್ದರೆ ಇಲಾಖೆಯವರೇ ಅವರಿಗೆ ವಿಷಯ ತಿಳಿಸುತ್ತಾರೆ. ‘ಮನೆಯವಳಿಗೆ ಇನ್ನೂ ಹೇಳಿಲ್ಲ’ ಎಂದು ಬರೆದಿದ್ದೀರಲ್ಲ, ಹೇಳಿಬಿಡಿ.

ಬಂದೂಕಿನ ಪರವಾನಗಿ ಬೇರೆ, ಬೇಟೆಯ ಪರವಾನಗಿ ಬೇರೆ. ಎರಡನೆಯದಕ್ಕೆ ಪ್ರಾಂತ್ಯದ ಬೇಟೆ ಪಾಠ ಓದಿ ಪರೀಕ್ಷೆ ಮುಗಿಸಿ ಸಂಖ್ಯೆಯೊಂದನ್ನು ಪಡೆಯಬೇಕು. ನೀವು ಬಂದಿರುವುದು ಪಿಆರ್ (ಕಾಯಂ ವಾಸದ ಅನುಮತಿ) ಮೇಲೋ ಕೆಲಸದ ಪರ್ಮಿಟ್ ಮೇಲೋ ತಿಳಿಸಿಲ್ಲ. ಪಿಆರ್ ಇದ್ದು ಮನೆ ಆಲ್ಬರ್ಟಾದಲ್ಲಿದ್ದರೆ ನೀವು ಇಲ್ಲಿಯ ನಿವಾಸಿ. ಪರ್ಮಿಟ್ ಆದರೆ ಕೆನಡಾದಲ್ಲಿ ಹನ್ನೆರಡು ತಿಂಗಳು ತುಂಬಬೇಕು. ಅಲ್ಲಿಯವರೆಗೆ ಹೊರಗಿನವರ ನಿಯಮ, ಹೊರಗಿನವರ ಖರ್ಚು.

ಎಲ್ಲಿ ಹೊಡೆಯುವುದು? ಈ ಪ್ರಾಂತ್ಯದ ನೆಲದಲ್ಲಿ ನೂರಕ್ಕೆ ಅರವತ್ತರಷ್ಟು ಸರ್ಕಾರದ್ದು, ಆದರೆ ಅದರಲ್ಲಿ ಬಹುಪಾಲು ಉತ್ತರಕ್ಕೂ ಬೆಟ್ಟಸಾಲಿಗೂ ಇದೆ. ಕ್ಯಾಲ್ಗರಿಯ ಸುತ್ತಮುತ್ತ ರೈತರ ಹೊಲಗಳೇ. ಅವರ ಒಪ್ಪಿಗೆಯಿಲ್ಲದೆ ಕಾಲಿಡಬಾರದು. ಬೇಟೆಗೆ ಬಿಡಲು ದುಡ್ಡು ಕೇಳುವುದು, ಕೊಡುವುದು ಎರಡೂ ಇಲ್ಲಿ ಕಾನೂನಿಗೆ ವಿರುದ್ಧ, ಆದ್ದರಿಂದ ಪರಿಚಯವೇ ಬಂಡವಾಳ. ಬೇಸಿಗೆಯಲ್ಲೇ ಹೋಗಿ ಬಾಗಿಲು ತಟ್ಟಿ, ಬರಿಗೈಯಲ್ಲಿ ನಿಂತು ಮಾತಾಡಿ. ನಾನು ಮೊದಲ ವರ್ಷ ಹನ್ನೊಂದು ಬಾಗಿಲು ತಟ್ಟಿದೆ, ಒಂದು ತೆರೆಯಿತು. ಆ ಮುದುಕರ ಬೇಲಿಗೆ ಪ್ರತಿ ಜುಲೈಯಲ್ಲಿ ಎರಡು ದಿನ ತಂತಿ ಬಿಗಿದುಕೊಡುತ್ತೇನೆ.

ಅವರ ಅಟ್ಟದಲ್ಲೇ ನಾನು ಮೊದಲ ಬಾರಿ .303 ಬೇಟೆ ಬಂದೂಕನ್ನು ನೋಡಿದ್ದು. ಊರಿನ ಠಾಣೆಯಲ್ಲಿ ಪೇದೆಗಳ ಹೆಗಲಲ್ಲಿ ತೂಗುತ್ತಿದ್ದ ಅದೇ ಲೀ ಎನ್‌ಫೀಲ್ಡ್. ನಮ್ಮಲ್ಲಿ ಸಾಮಾನ್ಯ ಪ್ರಜೆ ಮುಟ್ಟಬಾರದ ಆ ಬೋರಿನ, ಅಂದರೆ ನಳಿಕೆಯಳತೆಯ, ಬಂದೂಕು ಇಲ್ಲಿ ನಳಿಕೆಯ ಕೆಳಗಿನ ಮರ ಕತ್ತರಿಸಿಕೊಂಡು ಮೂರು ತಲೆಮಾರಿಗೆ ಮೂಸ್ ಮಾಂಸ ಉಣಿಸಿದೆ. ಯಾವ ರೈಫಲ್ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ. ತೋಟಾದ ಅಳತೆಗಳಲ್ಲಿ 1906ರಲ್ಲಿ ಹುಟ್ಟಿದ .30-06 ಆಗಲಿ, .308 ಆಗಲಿ, .270 ಆಗಲಿ, ಎಲ್ಕ್‌ಗೂ ಸಾಕು, ಜಿಂಕೆಗೂ ಸಾಕು. ಅಂಗಡಿಯವನು ಇವಕ್ಕಿಂತ ಹೆಚ್ಚು ಮದ್ದು ಹಿಡಿಯುವ ಮ್ಯಾಗ್ನಮ್ ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ. ಅದರ ಒದೆತಕ್ಕೆ ಹೆದರಿದ ಭುಜ ಗುಂಡು ಹಾರುವ ಮುನ್ನವೇ ಅಳುಕುತ್ತದೆ, ಕಣ್ಣು ಮುಚ್ಚುತ್ತದೆ. ಜಿಂಕೆಯ ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಗುಂಡಿಗಿಂತ ಶ್ವಾಸಕೋಶಕ್ಕೆ ಹೊಕ್ಕ ಸಣ್ಣ ಗುಂಡು ಎಷ್ಟೋ ವಾಸಿ. ಪ್ರತಿ ಗುಂಡಿಗೂ ಅಗುಳಿಯಂಥ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ಸಾದಾ ಬೋಲ್ಟ್ ಆ್ಯಕ್ಷನ್ ಕೊಳ್ಳಿ. 2020ರ ಮೇ 1ರಂದು ಸರ್ಕಾರ ಸುಮಾರು 1,500 ಮಾದರಿಗಳನ್ನು ನಿಷೇಧಿಸಿತು, ಆಮೇಲೂ ಪಟ್ಟಿ ಬೆಳೆದಿದೆ. ಜನರು ಬೇಟೆಗೆ ಒಯ್ಯುವ ಸಾಧಾರಣ ಬೋಲ್ಟ್ ರೈಫಲ್ಲುಗಳಿಗೆ ಅದರ ಬಿಸಿ ತಟ್ಟಿಲ್ಲ.

ರೈಫಲಿನಲ್ಲಿ ಉಳಿಸಿದ ದುಡ್ಡನ್ನು ಎರಡು ಕಡೆ ಸುರಿಯಿರಿ: ಬೂಟು ಮತ್ತು ದುರ್ಬೀನು. ದುರ್ಬೀನಿಲ್ಲದವನು ಪೊದೆಯಲ್ಲಿ ಅಲುಗಿದ್ದನ್ನೆಲ್ಲ ರೈಫಲಿನ ಸ್ಕೋಪಿನಿಂದಲೇ ನೋಡುತ್ತಾನೆ, ಅಂದರೆ ಅಲ್ಲಿ ಅಲುಗಿದ ಮನುಷ್ಯನಿಗೂ ನಳಿಕೆ ತಿರುಗಿಸುತ್ತಾನೆ. ಕಿತ್ತಳೆ ಬಣ್ಣದ ಅಂಗಿ ಆಲ್ಬರ್ಟಾದಲ್ಲಿ ಕಡ್ಡಾಯವಲ್ಲ, ನೀವು ಮಾತ್ರ ಹಾಕಿಕೊಳ್ಳಿ. ಹತ್ತಿಬಟ್ಟೆ, ಜೀನ್ಸ್ ಮನೆಯಲ್ಲಿರಲಿ. ಬೆವರು ಹೀರಿದ ಹತ್ತಿ ಆ ಚಳಿಯಲ್ಲಿ ಒದ್ದೆ ಹಾಳೆಯಂತೆ ಮೈಗೆ ಅಂಟುತ್ತದೆ. ಉಣ್ಣೆಯ ಒಳಅಂಗಿ ಎರಡು ಜೊತೆ, ತಲೆದೀಪ, ಎರಡು ಚಾಕು, ಹಗ್ಗ, ಮಕ್ಕಳ ಹಿಮಬಂಡಿಯಂಥ ಪ್ಲಾಸ್ಟಿಕ್ ಬುಟ್ಟಿ, ಗಾಳಿಯಾಡುವ ಮಾಂಸದ ಚೀಲಗಳು, ಕರಡಿಗೆ ಸಿಂಪಡಿಸುವ ಮೆಣಸಿನ ಡಬ್ಬಿ. ಬೋಲ್ಟ್‌ಗೆ ಬಳಿದ ಎಣ್ಣೆ ಕೊರೆಯುವ ಚಳಿಯಲ್ಲಿ ಗಟ್ಟಿಯಾಗಿ ಟ್ರಿಗರ್ ಒತ್ತಿದರೂ ಗುಂಡು ಸಿಡಿಯದಿರಬಹುದು, ಒರೆಸಿ ಒಣಗಿಸಿಕೊಂಡು ಹೋಗಿ. ಸಂಜೆ ಬೆಚ್ಚಗಿನ ಮನೆಯೊಳಗೆ ತಂದ ಕೂಡಲೇ ರೈಫಲನ್ನು ಚೀಲದಿಂದ ತೆಗೆಯಬೇಡಿ, ಲೋಹವೆಲ್ಲ ಬೆವರುತ್ತದೆ. ಗುಂಡಿಲ್ಲವೆಂದು ನೋಡಿಕೊಂಡು ಚೀಲದಲ್ಲೇ ಬೀಗದೊಳಗಿಟ್ಟು, ನಿಧಾನವಾಗಿ ಬೆಚ್ಚಗಾದ ಮೇಲೆ ತೆರೆದು ಒರೆಸಿ.

ಅಭ್ಯಾಸದ ವಿಷಯದಲ್ಲಿ ಒಂದೇ ಲೆಕ್ಕ ಹೇಳುತ್ತೇನೆ. ಜಿಂಕೆಯ ಮರ್ಮಸ್ಥಾನ ಒಂದು ಸೆಟ್ ದೋಸೆಗಿಂತ ಸ್ವಲ್ಪ ದೊಡ್ಡದು. ಮೇಜಿನ ಮೇಲೆ ಮರಳುಚೀಲವಿಟ್ಟು ಹೊಡೆದ ಗುಂಡುಗಳು ಗುರಿಯಲ್ಲಿ ಬಿದ್ದ ಗುಂಪು ನಿಮ್ಮ ರೈಫಲಿನ ಗುಣವನ್ನು ಹೇಳುತ್ತದೆಯೇ ಹೊರತು ನಿಮ್ಮ ಗುಣವನ್ನಲ್ಲ. ಮಂಡಿಯೂರಿ, ಕೂತು, ಕೋಲಿಗೆ ಆನಿಸಿ ಹೊಡೆಯಿರಿ. ಯಾವ ದೂರದಲ್ಲಿ ಐದಕ್ಕೆ ಐದೂ ದೋಸೆಯೊಳಗೆ ಬೀಳುತ್ತವೋ ಅದು ನಿಮ್ಮ ಎಲ್ಲೆ. ನನ್ನದು ಇಂದಿಗೂ ಇನ್ನೂರು ಮೀಟರ್ ದಾಟಿಲ್ಲ.

ಈಗ ತೋಟಾ ತುಂಬುವ ಮಾತು. ನಮ್ಮ ತಂದೆ ಬಾಯಿಂದ ತುಂಬುವ ಕೇಪಿನ ಕೋವಿಗೆ ಮಸಿಯನ್ನು, ಅಂದರೆ ಕರಿಮದ್ದನ್ನು, ಅಂಗೈ ಅಳತೆಯಲ್ಲಿ ಹಾಕಿ, ತೆಂಗಿನ ನಾರು ತುರುಕಿ, ಚರೆ ಸುರಿದು ಗಜದಿಂದ ಜಡಿಯುತ್ತಿದ್ದರು. ಒಂದು ಚಿಟಿಕೆ ಹೆಚ್ಚಾದರೆ ಭುಜ ನೋಯುತ್ತಿತ್ತು, ಅಷ್ಟೇ. ಆ ಅಂದಾಜಿನ ಕೈಯನ್ನು ಇಲ್ಲಿಗೆ ತರಬೇಡಿ. ಹೊಗೆಯಿಲ್ಲದ ಮದ್ದನ್ನು ಗ್ರೇನಿನ ಹತ್ತನೆಯ ಒಂದು ಭಾಗದವರೆಗೆ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನೋಡಲು ಒಂದೇ ಥರವಿರುವ ಎರಡು ಮದ್ದುಗಳ ವೇಗ ಅಜಗಜಾಂತರವಿರಬಹುದು. ಒಂದರ ತೂಕಕ್ಕೆ ಇನ್ನೊಂದನ್ನು ಹಾಕಿದರೆ ಒಡೆಯುವುದು ನಿಮ್ಮ ಮುಖದ ಮುಂದಿರುವ ಉಕ್ಕು.

ಕೆಲಸವೇನೋ ಸರಳ. ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕವಚಕ್ಕೆ ಎಣ್ಣೆ ಸವರಿ ಪ್ರೆಸ್ಸಿನ ಅಚ್ಚಿನಲ್ಲಿ ಒತ್ತಿ ಮೊದಲ ಅಳತೆಗೆ ತರುವುದು, ಹಳೆಯ ಕೇಪು ಉದುರಿಸುವುದು, ಉದ್ದ ಅಳೆದು ಬೆಳೆದಿದ್ದರೆ ಕತ್ತರಿಸುವುದು, ಹೊಸ ಕೇಪು, ತೂಗಿದ ಮದ್ದು, ಮೇಲೆ ಗುಂಡು. ಮದ್ದಿಗೆ ಕಿಡಿ ಹೊತ್ತಿಸುವ, ಇಲ್ಲಿ ಪ್ರೈಮರ್ ಎನ್ನುವುದು ನಮ್ಮ ಕೇಪಿನ ವಂಶದ್ದೇ. ಕಷ್ಟವಿರುವುದು ನೂರನೆಯ ತೋಟಾದವರೆಗೂ ಮೊದಲನೆಯದರ ಎಚ್ಚರವನ್ನು ಉಳಿಸಿಕೊಳ್ಳುವುದರಲ್ಲಿ. ಮೂರನೆಯ ವರ್ಷ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ ತುಂಬಿದೆ. ಅಡಿಕೆ ಕೊಳೆರೋಗದ ಸುದ್ದಿ ಬಂತು, ಒಂದು ತೋಟಾಕ್ಕೆ ಮದ್ದು ಬೀಳಲಿಲ್ಲ. ಗುರಿ ಅಭ್ಯಾಸದ ರೇಂಜಿನಲ್ಲಿ ಅದು ‘ಟಪ್’ ಎಂದಿತು, ಭುಜಕ್ಕೆ ಒದೆತವೇ ಇಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ನಳಿಕೆಯ ನಡುವೆ ಹೋಗಿ ಕೂತಿತ್ತು. ಮುಂದಿನದನ್ನು ಹಾರಿಸಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲವೇನೋ. ಬೋಲ್ಟ್ ತೆಗೆದು, ರೈಫಲನ್ನು ಬಂದೂಕು ರಿಪೇರಿಯವರ ಬಳಿಗೆ ಒಯ್ದೆ. ಅಂದಿನಿಂದ ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ, ಫೋನ್ ಬೇರೆ ಕೋಣೆಯಲ್ಲಿ. ಗುಂಡು ಕೂರಿಸುವ ಮುನ್ನ ಐವತ್ತನ್ನೂ ಹಲಗೆಯಲ್ಲಿ ನಿಲ್ಲಿಸಿ ದೀಪ ಬಿಟ್ಟು ಒಳಗೆ ಇಣುಕುತ್ತೇನೆ.

ಅಳತೆಗಳನ್ನು ಮದ್ದು ಅಥವಾ ಗುಂಡು ತಯಾರಕರ ಪುಸ್ತಕದಿಂದ ಮಾತ್ರ ತೆಗೆದುಕೊಳ್ಳಿ, ಅದರಲ್ಲಿ ಹೇಳಿದ ಅತಿ ಕಡಿಮೆ ತೂಕದಿಂದ ಆರಂಭಿಸಿ. ಗೆಳೆಯನೊಬ್ಬ ಹೇಳಿದ ತೂಕ ಅವನ ರೈಫಲಿಗೆ, ನನ್ನ ತೂಕ ನನ್ನ ರೈಫಲಿಗೆ. ಅದಕ್ಕೇ ನಿಮಗೆ ಒಂದು ಸಂಖ್ಯೆಯನ್ನೂ ಕೊಡುತ್ತಿಲ್ಲ. ಕೇಪು ಚಪ್ಪಟೆಯಾಗಿದ್ದರೆ, ಬೋಲ್ಟ್ ಎತ್ತಲು ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಅಗ್ಗವೇ ಎಂದರೆ, ಒಂದೊಂದು ತೋಟಾ ಅಗ್ಗ ಹೌದು. ಆದರೆ ಬೇಟೆಗೆ ವರ್ಷಕ್ಕೆ ಎರಡು ಪೆಟ್ಟಿಗೆ ಖರ್ಚು ಮಾಡುವವನಿಗೆ ಪ್ರೆಸ್, ಅಚ್ಚು, ತಕ್ಕಡಿಗಳ ದುಡ್ಡು ಹಿಂದಿರುಗುವಷ್ಟರಲ್ಲಿ ಮಗಳ ಮದುವೆಯಾಗಿರುತ್ತದೆ. ಎರಡು ಋತು ಅಂಗಡಿಯ ತೋಟಾದಲ್ಲೇ ಕಳೆಯಿರಿ, ಖಾಲಿ ಹಿತ್ತಾಳೆಗಳನ್ನು ಎತ್ತಿಟ್ಟುಕೊಳ್ಳಿ, ಆಮೇಲೆ ಬನ್ನಿ, ಕೂತು ಕಲಿಸುತ್ತೇನೆ.

ಮಾಂಸದ ಬಗ್ಗೆ ಒಂದು ಎಚ್ಚರಿಕೆ. ಜಿಂಕೆಗಳನ್ನು ಕೃಶಗೊಳಿಸಿ ಕೊಲ್ಲುವ, ಪ್ರಿಯಾನ್ ಎಂಬ ಕೆಟ್ಟ ರೂಪ ತಾಳಿದ ಪ್ರೋಟೀನಿನಿಂದ ಬರುವ ರೋಗ ಇಲ್ಲಿಯ ಕಾಡುಜಿಂಕೆಗಳಲ್ಲಿ 2005ರಲ್ಲಿ ಕಾಣಿಸಿತು, ಪೂರ್ವದ ಕಡೆಯಿಂದ ಹರಡುತ್ತಿದೆ. ಕೆಲವು ವಿಭಾಗಗಳಲ್ಲಿ ತಲೆಯನ್ನು ಪರೀಕ್ಷೆಗೆ ಕೊಡಲೇಬೇಕು, ಅದಕ್ಕೆಂದೇ ಅಲ್ಲಲ್ಲಿ ಫ್ರೀಜರುಗಳನ್ನು ಇಟ್ಟಿದ್ದಾರೆ. ಕುದಿಸಿದರೂ ಪ್ರಿಯಾನ್ ನಾಶವಾಗುವುದಿಲ್ಲ. ಫಲಿತಾಂಶ ಬರುವವರೆಗೆ ಮಾಂಸಕ್ಕೆ ಚೀಟಿ ಹಚ್ಚಿಡಿ, ತಿನ್ನಬೇಡಿ, ಹಂಚಬೇಡಿ.

ಅಜ್ಜನ ಕೋವಿ? ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದ್ದಾರೆ, 2029ರವರೆಗೆ. ಅದು ನಡೆಯುವುದು ಭಾರತದೊಳಗೆ. ಅಲ್ಲಿಂದ ಹೊರಡಿಸಲು ಒಂದು ಕಂತೆ ಕಾಗದ, ಇಲ್ಲಿ ಇಳಿಸಲು ಇನ್ನೊಂದು ಕಂತೆ. ಇಷ್ಟೆಲ್ಲ ಮಾಡಿ ತಂದರೂ ಇಲ್ಲಿ ಅದು ಗೋಡೆಯ ಅಲಂಕಾರ. ಆಯುಧಪೂಜೆಯ ಕೈಲ್ ಪೊಳ್ದ್ ದಿನ ತೋಕ್ ಪೂ (ಕೋವಿ ಹೂವು) ಮುಡಿಸಿಕೊಂಡು ನಿಮ್ಮ ಹಿರಿಯರ ಐನ್‌ಮನೆಯಲ್ಲೇ ಇರಲಿ ಬಿಡಿ.

ಪರೀಕ್ಷೆ ಮುಗಿದ ಮೇಲೆ ತಿಳಿಸಿ, ಒಂದು ಭಾನುವಾರ ರೇಂಜಿಗೆ ಕರೆದೊಯ್ಯುತ್ತೇನೆ. ನನ್ನ .308ರಿಂದಲೇ ಹತ್ತು ಗುಂಡು ಹೊಡೆದು ನೋಡಿ, ಆಮೇಲೆ ಅಂಗಡಿಗೆ ಹೋಗೋಣ. ಊರಿನಿಂದ ಯಾರಾದರೂ ಬರುವವರಿದ್ದರೆ ಕೊಡಗಿನ ಹುಳಿರಸವಾದ ಕಾಚಂಪುಳಿ ಒಂದು ಬಾಟಲಿ ತರಿಸಿ. ಕೊಬ್ಬಿಲ್ಲದ ಜಿಂಕೆ ಮಾಂಸಕ್ಕೆ ಅದರ ಹುಳಿ ಬಹಳ ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಿದ್ದದ್ದು ಫೆಬ್ರವರಿಯಲ್ಲೇ ಮುಗಿದು, ಅಂದಿನಿಂದ ಹುಣಸೆಹಣ್ಣಿನಲ್ಲೇ ಕಾಲ ತಳ್ಳುತ್ತಿದ್ದೇವೆ.